ಸುಬೇದಾರ್ ಲಿಂಗರಾಜರ ಡಮ್ಮಿ ದಿನಗಳು

ಮನುಷ್ಯನಿಗೆ ಮರೆವು ಬರಬಾರದು ಅಂತ ಯಾರೂ ಹೇಳುವುದಿಲ್ಲ, ಬರಲಿ. ಕನ್ನಡಕ ಮರೆಯಲಿ, ಛತ್ರಿ ಮರೆಯಲಿ, ಬೀಗರ ಹೆಸರನ್ನು ಬೇಕಾದರೂ ಮರೆಯಲಿ (ಅದರಿಂದ ಒಮ್ಮೊಮ್ಮೆ ಉಪಕಾರವೇ ಆಗುವುದುಂಟು). ಆದರೆ ಗಣರಾಜ್ಯೋತ್ಸವದ ಬೆಳಿಗ್ಗೆ ಇಡೀ ಸೊಸೈಟಿ ಇಸ್ತ್ರಿ ಬಟ್ಟೆ ತೊಟ್ಟು ನಿಂತಿರುವಾಗ, ಮಕ್ಕಳ ಪಥಸಂಚಲನವನ್ನು ನಿಲ್ಲಿಸುವ 'ಥಮ್' ಎಂಬ ಗೇಣುದ್ದದ ಆಜ್ಞೆಯನ್ನು ನಿವೃತ್ತ ಸುಬೇದಾರರೊಬ್ಬರು ಮರೆತರೆ ಅದಕ್ಕೆ ಕ್ಷಮೆಯನ್ನು ಎಲ್ಲಿಂದ ತರುವುದು?

ಮರೆತವರು ನಮ್ಮ ಲಿಂಗರಾಜರು. ಬೈಲಹೊಂಗಲದ ಕಡೆಯವರು. ಸೇನೆಯ ಸಿಗ್ನಲ್ಸ್ ವಿಭಾಗದಲ್ಲಿ ಆಯುಷ್ಯದ ಒಳ್ಳೆಯ ಭಾಗವನ್ನು ಹಿಮದಲ್ಲೂ ಮರಳಿನಲ್ಲೂ ಸವೆಸಿ, ಪಿಂಚಣಿ ಪಡೆದು, ವಡೋದರಾದ ಮಕರಪುರದಲ್ಲಿ ಮೋಟಾರು ತಯಾರಿಸುವ ಕಾರ್ಖಾನೆಯ ಸೆಕ್ಯೂರಿಟಿ ಆಫೀಸರಾಗಿ ನೆಲೆಸಿದವರು. ಮೀಸೆ ಇನ್ನೂ ಸೇವೆಯಲ್ಲಿತ್ತು. ಸೊಸೈಟಿಯ ಧ್ವಜಾರೋಹಣಕ್ಕೆ ಪ್ರತಿವರ್ಷ ಆಜ್ಞೆ ಕೊಡುವ ಹಕ್ಕು ಅವರದೇ ಆಗಿತ್ತು, ಮತ್ತು ಆ ಹಕ್ಕನ್ನು ಅವರು ಪಿಂಚಣಿಗಿಂತ ಹೆಚ್ಚಾಗಿ ಪ್ರೀತಿಸುತ್ತಿದ್ದರು.

ಆ ದಿನ ಹೊರಡಿಸುವ ಆಜ್ಞೆ 'ತೇಜ್ ಚಲ್' ಚೆನ್ನಾಗಿಯೇ ಬಂತು. ಮಕ್ಕಳು ಹೊರಟರು. ಧ್ವಜಸ್ತಂಭ ಹತ್ತಿರ ಬಂತು, ಪಕ್ಕಕ್ಕೆ ಬಂತು, ಹಿಂದಕ್ಕೂ ಹೋಯಿತು. ಬರಬೇಕಾಗಿದ್ದ ಶಬ್ದ ಮಾತ್ರ ಬರಲಿಲ್ಲ. ಸುಬೇದಾರರು ಬಾಯಿ ತೆರೆದರು. ಒಳಗೆ ಯಾರೂ ಇರಲಿಲ್ಲ. ಕೊನೆಗೆ ಗಾಬರಿಯಲ್ಲಿ "ನಿಲ್ರೋ! ಏ, ನಿಲ್ರಲೇ!" ಎಂದು ಬೈಲಹೊಂಗಲದ ಭಾಷೆಯಲ್ಲಿ ಕೂಗಿದರು. ಗುಜರಾತಿ ಮಕ್ಕಳು ಅದನ್ನು ಉತ್ತೇಜನದ ಮಾತೆಂದು ತಿಳಿದು ಇನ್ನೂ ಜೋರಾಗಿ ಕಾಲು ಬೀಸಿದರು. ಕಾವಲುಗಾರ ಸೆಲ್ಯೂಟ್ ಹೊಡೆದು ಗೇಟು ತೆರೆದ. ತುಕಡಿ ಫಾಫ್ಡಾ ತಿಂಡಿಯ ಗಾಡಿಯನ್ನು ಬಳಸಿ ಕಾರ್ಖಾನೆಗಳ ದೊಡ್ಡ ರಸ್ತೆಯತ್ತ ಶಿಸ್ತಿನಿಂದ ಸಾಗಿತು. ರೇಷ್ಮೆ ಸೀರೆಯ ತಾಯಂದಿರು ಹಿಂದೆ ಓಡಿದರು. ಮಕ್ಕಳನ್ನು ರಿಕ್ಷಾಗಳಲ್ಲಿ ತುಂಬಿಕೊಂಡು ಬರಬೇಕಾಯಿತು.

ಸಂಜೆ ಸೊಸೈಟಿಯ ಚೇರ್ಮನ್ ಹಸ್ಮುಖಭಾಯಿ ಮನೆಗೆ ಬಂದರು. ಬಯ್ಯಲಿಲ್ಲ. ಬೈದಿದ್ದರೆ ಸುಬೇದಾರರು ತಡೆದುಕೊಳ್ಳುತ್ತಿದ್ದರು. ಸೋಂಪು ಅಗಿಯುತ್ತಾ ಬೆಣ್ಣೆಯಂಥ ಹಿಂದಿಯಲ್ಲಿ ಹೇಳಿದರು: "ಟೆನ್ಶನ್ ಮತ್ ಲೋ ಸುಬೇದಾರ್ ಸಾಬ್. ಅಗಲೇ ಸಾಲ್ ಮೊಬೈಲ್ ಮೇ ಕಮಾಂಡ್ ರೆಕಾರ್ಡ್ ಕರ್ ಲೇಂಗೇ, ಸ್ಪೀಕರ್ ಮೇ ಬಜಾ ದೇಂಗೇ. ಆಪ್ ಆರಾಮ್ ಸೇ ಕುರ್ಸಿ ಪೇ ಬೈಠನಾ."

ಮುಂದಿನ ವರ್ಷ ಆಜ್ಞೆ ಕೂಗುವುದು ಮೊಬೈಲು, ಸುಬೇದಾರರು ಕುರ್ಚಿಯ ಮೇಲೆ ಆರಾಮ! ಅವರು ಆ ರಾತ್ರಿ ಅರ್ಧ ರೊಟ್ಟಿಗೇ ಎದ್ದರು. ಆದರೆ ಅವರನ್ನು ನಿಜವಾಗಿ ಕಾಡಿದ್ದು ಮೊಬೈಲಲ್ಲ. ಜೀವಮಾನವಿಡೀ ಕೂಗಿದ ಶಬ್ದ, ನಿದ್ದೆಯಲ್ಲೂ ಕೂಗಿ ಹೆಂಡತಿಯನ್ನು ಎಬ್ಬಿಸಿದ ಶಬ್ದ, ಆ ಕ್ಷಣ ಎಲ್ಲಿಗೆ ಹೋಗಿತ್ತು? ಇವತ್ತು ಅದು ಹೋಯಿತು. ನಾಳೆ ಹೆಂಡತಿಯ ಹೆಸರು, ಪದ್ಮಾ ಎಂಬುದೇ, ಹೋದರೆ? ಜೊತೆಗೆ ಮೈಯಲ್ಲಿ ತೀರದ ಸುಸ್ತು. ಬೆಳಿಗ್ಗೆ ಏಳುವಾಗಲೇ ರಾತ್ರಿಯೆಲ್ಲ ಪಹರೆ ಮಾಡಿದವರಂತೆ ಏಳುತ್ತಿದ್ದರು. ಚಹಾ ಕುಡಿದರೆ ಕುಡಿದ ಆಯಾಸಕ್ಕೆ ಮಲಗಬೇಕಾಗುತ್ತಿತ್ತು. ಅವರಿಗೆ ಭಯವಾಗಿತ್ತು. ಭಯವನ್ನು ಯಾರಿಗೂ ವರದಿ ಮಾಡಿರಲಿಲ್ಲ.

ಹೆಂಡತಿ ಪದ್ಮಕ್ಕನಿಗೆ ವರದಿ ಬೇಕಾಗಿರಲಿಲ್ಲ. ಗ್ಯಾಸ್ ಬುಕಿಂಗ್, ಬ್ಯಾಂಕು, ಕರೆಂಟ್ ಬಿಲ್ಲು, ಗಂಡನ ಕನ್ನಡಕ, ಇವೆಲ್ಲವನ್ನೂ ತಲೆಯಲ್ಲಿಟ್ಟುಕೊಂಡು, ಅದರ ಮೇಲೆ ಊರಿನಲ್ಲಿ ಬಾಡಿಗೆ ಫ್ಲ್ಯಾಟು ಹಿಡಿದಿರುವ ಕನ್ನಡದ ಬ್ರಹ್ಮಚಾರಿ ಹುಡುಗರಿಗೆ ಜೋಳದ ರೊಟ್ಟಿ ಬಡಿದು ಕೊಡುವ ಮಹಾತಾಯಿ ಆಕೆ. "ಚಿಂತಿ ಮಾಡಬ್ಯಾಡ್ರಿ. ಒಂದ್ ಶಬ್ದ ಮರತ್ರ ಏನಾತು? ನಾ ಹೇಳಿದ್ದೆಲ್ಲಾ ದಿನಾ ಮರೀತೀರಿ, ಸಂಸಾರ ನಡದೈತಿಲ್ಲೋ?" ಎಂದು ಸಮಾಧಾನ ಹೇಳಿದರು. ಸಮಾಧಾನ ಆಗಲಿಲ್ಲ.

ದೀಪಾವಳಿಯ ಹೊತ್ತಿಗೆ ಅಹಮದಾಬಾದಿನಿಂದ ಕೃಷ್ಣರಾಜ್ ಫೋನ್ ಮಾಡಿದರು. ಇವರು ಮೈಸೂರಿನವರು, ವಾಯುಪಡೆಯಿಂದ ನಿವೃತ್ತರಾಗಿ ವಟ್ವಾದ ಬಣ್ಣದ ಕಾರ್ಖಾನೆಯೊಂದರಲ್ಲಿ ಸೇಫ್ಟಿ ಆಫೀಸರು. ಸೈನಿಕರ ಕ್ಯಾಂಟೀನಿನ ಸಾಲಿನಲ್ಲಿ ನಿಂತಾಗ ಸ್ನೇಹವಾದದ್ದು.

"ಲಿಂಗರಾಜ್, ನಮ್ಮಂಥೋರಿಗೇ ಅಂತ ಒಂದು ಅಧ್ಯಯನ ಶುರುವಾಗಿದೆ ಕಣ್ರೀ. ಸುಸ್ತು, ಮರೆವು ಎರಡಕ್ಕೂ ಗಿಡಮೂಲಿಕೆ ಕ್ಯಾಪ್ಸೂಲು. ಮಾಜಿ ಸೈನಿಕರೇ ಬೇಕಂತೆ. ಸೂರತ್ತಿಂದ ಚನ್ನಬಸಪ್ಪನೂ ಬರ್ತಾನೆ. ನೀವೂ ಬನ್ನಿ."

ಚನ್ನಬಸಪ್ಪ ಗದಗಿನವನು. ಸೇನೆಯ ಲಾರಿ ಓಡಿಸಿ ಹವಾಲ್ದಾರನಾಗಿ ಬಿಟ್ಟವನು, ಈಗ ಕತಾರ್‌ಗಾಮ್‌ನ ವಜ್ರದ ಕಾರ್ಖಾನೆಯೊಂದರ ಬಾಗಿಲು ಕಾಯುತ್ತಿದ್ದ. ಅವನ ಮರೆವಿನ ಕತೆ ಸುಬೇದಾರರಿಗಿಂತ ಕೆಟ್ಟದ್ದು: ಒಂದು ದಿನ ಕಾರ್ಖಾನೆಯ ಮಾಲೀಕನನ್ನೇ ಗುರುತು ಸಿಗದೆ ತಪಾಸಣೆ ಮಾಡಿ, ಬೂಟು ಬಿಚ್ಚಿಸಿದ್ದ.

ಹೀಗೆ ಮೂವರು ವೀರರು ಅಹಮದಾಬಾದಿನ ಒಂದು ಸಂಶೋಧನಾ ಸಂಸ್ಥೆಯ ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತರು. ಅಧ್ಯಯನ ನಡೆಸುತ್ತಿದ್ದವಳು ಮಹಿಮಾ ಎಂಬ ಹುಡುಗಿ, ತುಮಕೂರಿನವಳು. ಗುಜರಾತಿನಲ್ಲಿ ಕನ್ನಡದ ಮುಖ ಕಂಡ ಸಂತೋಷದಲ್ಲಿ ಮೂವರಿಗೂ ಚಹಾ ತರಿಸಿದಳು. ಆಮೇಲೆ ಐದು ಶಬ್ದ ಹೇಳಿ, ಸ್ವಲ್ಪ ಹೊತ್ತಿನ ನಂತರ ತಿರುಗಿ ಕೇಳಿದಳು. ಲಿಂಗರಾಜರಿಗೆ ಕುದುರೆ ಮತ್ತು ಕಂಬಳಿ ಸಿಕ್ಕವು. ಕೃಷ್ಣರಾಜರು ಆಕೆ ಹೇಳದೇ ಇದ್ದ ಶಬ್ದವೊಂದನ್ನು ಹೇಳಿ, ಹೇಳಿದ್ದಳೆಂದು ವಾದಿಸಿದರು. ಚನ್ನಬಸಪ್ಪ, "ಶಬ್ದ ಎಲ್ಲಾ ಹೋದುವ್ರಿ, ಬೇಕಾದ್ರ ಲೇಹ್‌ದಾಗ ನಾ ಓಡಿಸಿದ ಗಾಡಿ ನಂಬರ್ ಹೇಳ್ತೀನಿ" ಎಂದ. ಹೇಳಿಯೂ ಹೇಳಿದ.

"ನೋಡಿ ಅಂಕಲ್," ಮಹಿಮಾ ಹಸಿರು ಕ್ಯಾಪ್ಸೂಲಿನ ಮೂರು ಬಾಟಲಿ ಮುಂದಿಟ್ಟಳು. "ಇದು ಪೂರ್ತಿ ಸಸ್ಯಮೂಲದ್ದು. ಅಶ್ವಗಂಧ, ಬ್ರಾಹ್ಮಿ, ಇನ್ನೂ ಕೆಲವು ಗಿಡಗಳ ಸತ್ವ. ಔಷಧಿ ಅಂತ ಅಲ್ಲ, ಊಟದ ಜೊತೆಗೆ ಪೂರಕ. ಇದರಿಂದ ಪ್ರಯೋಜನ ಆಗತ್ತಾ ಅಂತ ನೋಡ್ತಾ ಇದ್ದೀವಿ. ಆಗತ್ತೆ ಅಂತ ನಾನು ಹೇಳ್ತಾ ಇಲ್ಲ. ಅರ್ಧ ಜನಕ್ಕೆ ಇದು ಸಿಗತ್ತೆ, ಇನ್ನರ್ಧ ಜನಕ್ಕೆ ನೋಡೋಕೆ ಹೀಗೇ ಇರೋ, ಬರೀ ಹಿಟ್ಟು ತುಂಬಿದ ಡಮ್ಮಿ."

"ನಂದ್ಯಾವುದವ್ವಾ?" ಎಂದರು ಲಿಂಗರಾಜರು.

"ಗೊತ್ತಿಲ್ಲ ಅಂಕಲ್."

"ನನಗ ಗೊತ್ತಿಲ್ಲ ಖರೆ. ನಿನಗ?"

"ನನಗೂ ಗೊತ್ತಿಲ್ಲ."

"ನಿಮ್ಮ ದೊಡ್ಡ ಸಾಹೇಬ್ರಿಗೆ?"

"ಅವರಿಗೂ ಗೊತ್ತಿರಲ್ಲ. ಹಾಗೆ ಗೊತ್ತಿಲ್ಲದೇ ಇರೋದೇ ಇದರ ಪದ್ಧತಿ. ಕಂಪ್ಯೂಟರ್‌ನಲ್ಲಿ ಒಂದು ಸಂಕೇತ ಇರತ್ತೆ, ಕೊನೇಲಿ ತೆಗೆದು ನೋಡ್ತಾರೆ."

ಸಂಕೇತ ಎಂದ ಕೂಡಲೇ ಸಿಗ್ನಲ್ಸ್‌ನ ರಕ್ತ ಜಾಗೃತವಾಯಿತು. ಲಿಂಗರಾಜರು ಅರ್ಥವಾದವರಂತೆ ತಲೆಯಾಡಿಸಿದರು. (ಅರ್ಥವಾಗಿರಲಿಲ್ಲ. ತಾನು ಏನು ಕೊಡುತ್ತಿದ್ದೇನೆಂದು ಕೊಡುವವನಿಗೇ ಗೊತ್ತಿಲ್ಲದ ಇಲಾಖೆಯನ್ನು ಅವರು ಸೇನೆಯಲ್ಲೂ ಕಂಡಿರಲಿಲ್ಲ.) ಬೇರೆ ಗಿಡಮೂಲಿಕೆ ಪುಡಿ ತಿನ್ನಬಾರದು, ದಿನಕ್ಕೆರಡು ತಪ್ಪಿಸಬಾರದು, ನಿಮ್ಮ ಬಾಟಲಿಯನ್ನು ಬೇರೆಯವರಿಗೆ ಕೊಡಬಾರದು ಎಂದು ಮಹಿಮಾ ಹೇಳಿ ಕಳಿಸಿದಳು.

ಎಡವಟ್ಟಾದದ್ದು ಹೊರಗೆ, ಆ ಊರಿನವರು ಕೀಟ್ಲಿ ಎನ್ನುವ ರಸ್ತೆಬದಿಯ ಚಹಾದಂಗಡಿಯಲ್ಲಿ.

ಮೂವರೂ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾ ಕುಳಿತಿದ್ದರು. ಮೂವರ ಮನಸ್ಸಿನಲ್ಲೂ ಒಂದೇ ಮುಳ್ಳು. ಕೊನೆಗೆ ಚನ್ನಬಸಪ್ಪ ಬಾಯಿಬಿಟ್ಟ: "ಸಾಹೇಬ್ರ, ನಮ್ಮ ಮೂರೂ ಮಂದ್ಯಾಗ ಒಬ್ಬಂಗ ಅಸಲಿ ಬಂದು, ಇಬ್ಬರು ಹಿಟ್ಟ ತಿಂದ್ಕೋತ ಕುಂತ್ರ ಹೆಂಗ್ರಿ?"

"ನಂದು ನೀನೇ ತಗೊಳಪ್ಪ, ನೀನು ಚಿಕ್ಕವನು" ಎಂದರು ಕೃಷ್ಣರಾಜರು.

"ನಿಮ್ಮದ ಡಮ್ಮಿ ಇದ್ರ?"

ವಾಯುಪಡೆ ಚಾಚಿದ ಬಾಟಲಿಯನ್ನು ಹಿಂದಕ್ಕೆಳೆದುಕೊಂಡಿತು. ಆಗ ಲಿಂಗರಾಜರು ಎದ್ದು ನಿಂತರು. ಹಿಮಗಡ್ಡೆಯ ಪೋಸ್ಟಿನಲ್ಲಿ ಒಂದು ಡಬ್ಬಿ ಅನಾನಸು ಬಂದರೂ ಇಡೀ ಸೆಕ್ಷನ್ನಿಗೆ ಪಾಲು ಹಾಕಿದವರು ಅವರು. ರೇಷನ್ನು ಬಂದರೆ ಎಲ್ಲರಿಗೂ ಬರಬೇಕು, ಬರದಿದ್ದರೆ ಯಾರಿಗೂ ಬರಬಾರದು. ಆ ಕಾನೂನಿನ ಮುಂದೆ ಅವರಿಗೆ ಬೇರೆ ಕಾನೂನು ಕಾಣಿಸುತ್ತಿರಲಿಲ್ಲ. "ಬೇರೆಯವರಿಗೆ ಕೊಡಬ್ಯಾಡ್ರಿ ಅಂದಾಳ ಹುಡುಗಿ. ನಾವು ಬೇರೆಯವರೇನು? ಹಾಸ್ರಿ ವಸ್ತ್ರ" ಎಂದು ಆಜ್ಞೆ ಮಾಡಿದರು.

ಕೃಷ್ಣರಾಜರ ದೊಡ್ಡ ಕರವಸ್ತ್ರ ಬೆಂಚಿನ ಮೇಲೆ ಹಾಸಲ್ಪಟ್ಟಿತು. ಮೂರೂ ಬಾಟಲಿಗಳು ಅದರ ಮೇಲೆ ಬರಿದಾದವು. ಹಸಿರು ರಾಶಿಯನ್ನು ಚನ್ನಬಸಪ್ಪ ಮಂಡಕ್ಕಿ ಕಲಸುವ ಹಾಗೆ ಎರಡೂ ಕೈಯಿಂದ ಕಲಸಿದ. ಆಮೇಲೆ ಒಂದು ನಿಮಗೆ, ಒಂದು ನನಗೆ, ಒಂದು ಅವರಿಗೆ ಎಂದು ಧರ್ಮರಾಯನ ಗಾಂಭೀರ್ಯದಲ್ಲಿ ಪಾಲು ನಡೆಯಿತು. ಚಹಾದವನು ಸೌಟು ಹಿಡಿದುಕೊಂಡೇ ಹತ್ತಿರ ಬಂದ. "ಅರೇ ಕಾಕಾ, ಆ ಶುಂ ಕರೋ ಛೋ?" ಏನು ಮಾಡುತ್ತಿದ್ದೀರೆಂದು ಅವನ ಪ್ರಶ್ನೆ, ಪೊಲೀಸರನ್ನು ಕರೆಯಬೇಕೇ ಎಂದು ಅವನ ಕಣ್ಣು. "ದೇಶ್ ಕಾ ಕಾಮ್" ಎಂದರು ಸುಬೇದಾರರು. ಪ್ರತಿ ತಿಂಗಳೂ ಹೊಸ ಬಾಟಲಿ ಪಡೆದ ದಿನ ಅದೇ ಬೆಂಚಿನ ಮೇಲೆ ಈ ದೇಶಸೇವೆ ನಡೆಯಿತು.

ಅದರಿಂದ ಹುಟ್ಟಿದ ಗೊಂದಲ ಮಾತ್ರ ಯಾರ ಊಹೆಗೂ ಮೀರಿದ್ದು.

ಯೋಚಿಸಿ ನೋಡಿ. ಮೊದಲಾದರೆ ಮನುಷ್ಯನೇ ಅಸಲಿ ಇಲ್ಲವೇ ಮನುಷ್ಯನೇ ಡಮ್ಮಿ, ಒಂದೇ ಸಲಕ್ಕೆ ಮುಗಿಯುತ್ತಿತ್ತು. ಈಗ ಬಾಟಲಿಯಲ್ಲಿ ಎರಡೂ ಇವೆ ಎಂದು ಲಿಂಗರಾಜರ ಲೆಕ್ಕಾಚಾರ. ಇವತ್ತು ನುಂಗಿದ್ದು ಯಾವುದು? ಮುಂಜಾನೆ ನುಂಗಿ ಕಣ್ಣು ಮುಚ್ಚಿ ಕೂರುತ್ತಿದ್ದರು, ಒಳಗಿನಿಂದ ಸಿಗ್ನಲ್ ಬರುತ್ತದೆಯೇ ಎಂದು ಕಾಯುತ್ತಾ. ಸ್ವಲ್ಪ ಹೊತ್ತಾದ ಮೇಲೆ ಘೋಷಣೆ: "ಇವತ್ತ ಅಸಲಿ." ಆ ದಿನ ಅವರು ಮೆಟ್ಟಿಲನ್ನು ಎರಡೆರಡಾಗಿ ಹತ್ತುವರು, ಹಳೆಯ ಕರ್ನಲ್‌ಗಳ ಹೆಸರನ್ನೆಲ್ಲ ಹೇಳುವರು, ಪದ್ಮಕ್ಕನ ರೊಟ್ಟಿ ಡಬ್ಬಿಗಳನ್ನು ಸ್ಕೂಟರಿನಲ್ಲಿ ಕೊಟ್ಟು ಬರುವರು. ಮರುದಿನ ಬೂಟು ಸಿಗದಿದ್ದರೆ ಸಾಕು, "ಇವತ್ತ ಡಮ್ಮಿ" ಎಂದು ಹೊದಿಕೆ ಎಳೆದುಕೊಳ್ಳುವರು.

"ಏನ್ರೀ, ಹುಡುಗ್ರು ರೊಟ್ಟಿಗೆ ಕಾಯಾಕತ್ತಾರ. ಡಬ್ಬಿ ಕೊಟ್ಟ ಬರ್ರಿ."

"ಆಗಂಗಿಲ್ಲ ಪದ್ಮಾ. ಇವತ್ತ ಡಮ್ಮಿ ನುಂಗೇನಿ."

"ನಿನ್ನೆ ಅಸಲಿ ಅಂದ್ರಿ?"

"ನಿನ್ನೆದು ನಿನ್ನೆಗೆ ಮುಗೀತು."

"ಅಲ್ರಿ, ಆ ಹುಡುಗಿ ಕೊಟ್ಟಿದ್ದು ಒಂದ ಬಾಟ್ಲಿ. ಅದರಾಗ ಒಂದಿನ ಅದು, ಒಂದಿನ ಇದು ಹೆಂಗ ಬರತೈತಿ?"

ಪಾಲಿನ ವಿಷಯ ಮೂವರ ನಡುವಿನ ಸೈನಿಕ ರಹಸ್ಯ. "ಅದು ಸಂಕೇತ. ನಿನಗ ತಿಳ್ಯಂಗಿಲ್ಲ ಬಿಡು" ಎಂದು ಲಿಂಗರಾಜರು ಗೋಡೆಯ ಕಡೆ ತಿರುಗಿದರು. ಪದ್ಮಕ್ಕನಿಗೆ ನಿಜಕ್ಕೂ ತಿಳಿಯಲಿಲ್ಲ. ಸೊಂಟ ಹಿಡಿದುಕೊಂಡು ಡಬ್ಬಿ ತಾವೇ ಹೊತ್ತರು.

ಬೆಳಗಾದರೆ ಮೂರು ಊರುಗಳ ನಡುವೆ ಫೋನು. "ನಂದಿವತ್ತು ಅಸಲಿ ಕಣ್ರೀ, ಪೇಪರ್ ಪೂರ್ತಿ ಓದಿದೆ." "ನಂದು ಡಮ್ಮಿರಿ, ಗೇಟಿನ ಕೀಲಿ ಎಲ್ಲೈತೋ ಏನೋ." "ಪಾಲಿನ್ಯಾಗ ನಿನಗ ಡಮ್ಮಿ ಜಾಸ್ತಿ ಬಂದಾವೇನು ಚನ್ನಬಸಪ್ಪಾ?" ಎಂದು ಲಿಂಗರಾಜರು ಮರುಗುವರು. ಅತ್ತ ಅಹಮದಾಬಾದಿನಲ್ಲಿ ಮಹಿಮಾ ಇವರ ಉತ್ತರಗಳನ್ನು ನೋಡಿ ತಲೆ ಕೆರೆದುಕೊಳ್ಳುತ್ತಿದ್ದಳು. ಉಳಿದವರೆಲ್ಲ ಸ್ವಲ್ಪ ಚೆನ್ನಾಗಿದೆ, ಹಾಗೇ ಇದೆ ಎಂದರೆ, ಈ ಮೂವರು ಮಾತ್ರ ಸೋಮವಾರ ಸಿಂಹ, ಮಂಗಳವಾರ ಕಸಬರಿಗೆ. "ನಿಮ್ಮ ಮೂರು ಜನದ್ದು ನನಗೆ ಅರ್ಥವೇ ಆಗ್ತಿಲ್ಲ ಅಂಕಲ್" ಎಂದು ಒಮ್ಮೆ ಹೇಳಿಯೂ ಬಿಟ್ಟಳು. "ನಮಗೂ ಆಗವಲ್ದವ್ವಾ" ಎಂದರು ಲಿಂಗರಾಜರು, ಪ್ರಾಮಾಣಿಕವಾಗಿ.

ಗಾಳಿಪಟದ ಹಬ್ಬ ಉತ್ತರಾಯಣದ ದಿನವಂತೂ ಪದ್ಮಕ್ಕನ ತಾಳ್ಮೆ ಹರಿಯಿತು. ಹಬ್ಬಕ್ಕೆ ಸಜ್ಜೆ ರೊಟ್ಟಿಯ ದೊಡ್ಡ ಆರ್ಡರು. ಬೆಳಿಗ್ಗೆ ಡಮ್ಮಿ ಎಂದು ಮಲಗಿದ ಮನುಷ್ಯ ಮಧ್ಯಾಹ್ನ ತಾರಸಿಯ ಮೇಲೆ ಗಾಳಿಪಟ ಹಾರಿಸುತ್ತಾ, ಪಕ್ಕದ ಸೊಸೈಟಿಯವರ ದಾರ ಕಡಿದು "ಕಾಯ್ಪೋ ಛೇ!" ಎಂದು ಕುಣಿಯುತ್ತಿದ್ದರು.

"ಇದೇನ್ರಿ ಇದು?"

"ಊಟಾದ ಮ್ಯಾಲೆ ಎರಡನೇದು ನುಂಗಿದ್ನಿ. ಅದು ಅಸಲಿ ಬಂತು. ಗುಳಿಗಿ ನನ್ನ ಕೈಯಾಗ ಐತೇನು?"

ತಮಾಷೆಯೆಂದರೆ ಸುಬೇದಾರರು ಸುಳ್ಳು ಹೇಳುತ್ತಿರಲಿಲ್ಲ. ಅವರು ಮನಸಾರೆ ನಂಬಿದ್ದರು. ನಂಬುವುದರಲ್ಲಿ ಒಂದು ಸುಖವಿತ್ತು. ಮರೆತರೆ ಅದು ತಮ್ಮ ತಲೆಯ ತಪ್ಪಲ್ಲ, ಹಿಟ್ಟಿನ ತಪ್ಪು. ಎಷ್ಟೋ ತಿಂಗಳ ನಂತರ ಅವರು ಭಯವಿಲ್ಲದೆ ನಿದ್ದೆ ಮಾಡತೊಡಗಿದ್ದರು.

ಆದರೆ ಜನವರಿ ಇಪ್ಪತ್ತಾರು ಸಮೀಪಿಸಿತು. ಒಂದು ರಿಹರ್ಸಲ್‌ಗೆ ಹಸ್ಮುಖಭಾಯಿ ಒಪ್ಪಿದ್ದರು. ಅದು ಅಸಲಿ ದಿನವಾಗಿದ್ದರಿಂದ (ಹಾಗೆಂದು ಘೋಷಿಸಲಾಗಿತ್ತು) ಸುಸೂತ್ರವಾಗಿ ನಡೆದು, ಆಜ್ಞೆ ಕೊಡುವ ಹಕ್ಕು ತಿರುಗಿ ಕೈಗೆ ಬಂದಿತ್ತು. ಮಹಿಮಾಳನ್ನೂ ಅತಿಥಿಯಾಗಿ ಕರೆದಿದ್ದರು. ಅವಳು ನಸುಕಿನ ರೈಲು ಹಿಡಿದು ಬಂದು ಮೊದಲ ಸಾಲಿನಲ್ಲಿ ಕೂತಿದ್ದಳು. ಚೇರ್ಮನ್ನರ ಜೇಬಿನಲ್ಲಿ ಮೊಬೈಲು, ರೆಕಾರ್ಡು ಮಾಡಿದ ಆಜ್ಞೆಗಳ ಸಮೇತ, ಆಪತ್ಕಾಲಕ್ಕೆಂದು ಸಿದ್ಧವಾಗಿತ್ತು. ಆ ಜೇಬು ಸುಬೇದಾರರಿಗೆ ಕಾಣುತ್ತಲೇ ಇತ್ತು. ಬೆಳಿಗ್ಗೆ ನುಂಗಿದ್ದು ಯಾವುದೋ ಎಷ್ಟು ಹೊತ್ತು ಕಣ್ಣು ಮುಚ್ಚಿ ಕೂತರೂ ಹೊಳೆದಿರಲಿಲ್ಲ. ಒಳಗೆ ಕರಕರ ಎಂಬ ಸದ್ದು ಬಿಟ್ಟರೆ ಯಾವ ಸಿಗ್ನಲ್ಲೂ ಇರಲಿಲ್ಲ.

"ತೇಜ್ ಚಲ್!"

ಮಕ್ಕಳು ಹೊರಟರು. ಧ್ವಜಸ್ತಂಭ ಹತ್ತಿರ ಬಂತು. ಕಳೆದ ವರ್ಷ ಓಡಿದ್ದ ತಾಯಂದಿರು ಈ ಸಲ ಗೇಟಿನ ಬಳಿಯೇ ನಿಂತಿದ್ದರು, ಚಪ್ಪಲಿಯಲ್ಲ, ಬೂಟು ಹಾಕಿಕೊಂಡು. ಸುಬೇದಾರರು ಬಾಯಿ ತೆರೆದರು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಎಲ್ಲಿಂದಲೋ, ಹೊಟ್ಟೆಯ ತಳದಿಂದ, ಎದ್ದು ಬಂತು:

"ಥಮ್!"

ಎಲ್ಲ ಕಾಲುಗಳೂ ಒಂದೇ ಸಲ ನೆಲ ಮುಟ್ಟಿದವು. ಲಿಂಗರಾಜರ ಕಣ್ಣು ತುಂಬಿ ಬಂತು. ಧ್ವಜ ಏರಿತು, ಹೂವು ಉದುರಿತು, ಚಪ್ಪಾಳೆಯೋ ಚಪ್ಪಾಳೆ. ಪದ್ಮಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು.

ಇಲ್ಲಿಗೆ ನಿಲ್ಲಬೇಕಿತ್ತು. ಆದರೆ ಪಡೆಯನ್ನು ನಿಲ್ಲಿಸಬಲ್ಲವರು ತಮ್ಮ ನಾಲಿಗೆಯನ್ನು ನಿಲ್ಲಿಸಬಲ್ಲರೆಂದು ಹೇಳಲಾಗುವುದಿಲ್ಲ. ಹಸ್ಮುಖಭಾಯಿ ಮೈಕು ಕೊಟ್ಟು "ದೋ ಶಬ್ದ್" ಎಂದರು. ಸುಬೇದಾರರಿಗೆ ಶಬ್ದಗಳು ಪ್ರವಾಹವಾಗಿ ಬಂದವು. ಹಳೆಯ ಪೋಸ್ಟುಗಳ ಹೆಸರು, ಜೊತೆಗಾರರ ಹೆಸರು, ಬಂಕರಿಗೆ ಸೀಮೆಎಣ್ಣೆ ಹೊರುತ್ತಿದ್ದ ರುಕ್ಸಾರ್ ಎಂಬ ಹೇಸರಗತ್ತೆಯ ಹೆಸರು, ಎಲ್ಲವೂ. ಕೊನೆಗೆ ಸೈನಿಕರ ಒಗ್ಗಟ್ಟಿಗೆ ಉದಾಹರಣೆ ಬೇಕಾಯಿತು. ಮೂವರು ಗೆಳೆಯರು ಒಬ್ಬರಿಗೂ ಮೋಸವಾಗದ ಹಾಗೆ ಕ್ಯಾಪ್ಸೂಲುಗಳನ್ನು ವಸ್ತ್ರದ ಮೇಲೆ ಸುರಿದು, ಕಲಸಿ, ಸಮಪಾಲು ಮಾಡಿಕೊಂಡ ಪ್ರಸಂಗವನ್ನು ಅವರು ಭಾವಪೂರ್ಣವಾಗಿ ವರ್ಣಿಸಿದರು. ಮೊದಲ ಸಾಲಿನಲ್ಲಿ ಮಹಿಮಾಳ ಚಹಾದ ಲೋಟ ತುಟಿಯ ಹತ್ತಿರ ಹಾಗೇ ನಿಂತಿತು.

ಸುಬೇದಾರರ ಮನೆಗೆ ಬಂದು ಕೂತ ಕೂಡಲೇ ಅವಳು ಕೇಳಿದಳು.

"ಅಂಕಲ್, ಆ ಮಾತು ಇನ್ನೊಂದ್ಸಲ ಹೇಳಿ."

"ಯಾವುದವ್ವಾ?"

"ವಸ್ತ್ರದ ಮೇಲೆ ಸುರಿದಿದ್ದು."

ಲಿಂಗರಾಜರು ಉತ್ಸಾಹದಿಂದ ಇನ್ನೊಮ್ಮೆ ಹೇಳಿದರು, ಮಂಡಕ್ಕಿಯ ಅಭಿನಯದೊಂದಿಗೆ. ಹುಡುಗಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. "ಅಂಕಲ್, ಹೀಗೆ ಬೆರೆಸಿಬಿಟ್ರೆ ನಿಮ್ಮ ಮೂರು ಜನರ ಲೆಕ್ಕ ಏನಕ್ಕೂ ಬರಲ್ಲ. ನಿಮ್ಮನ್ನ ಅಧ್ಯಯನದಿಂದ ಕೈಬಿಡಬೇಕಾಗತ್ತೆ." ಎದ್ದು ಬಾಲ್ಕನಿಗೆ ಹೋಗಿ, ರಜೆಯ ದಿನವಾದರೂ ತನ್ನ ಹಿರಿಯರಿಗೆ ಫೋನ್ ಹಚ್ಚಿದಳು. ಲಿಂಗರಾಜರಿಗೆ ಆಗ ಮೊದಲ ಬಾರಿಗೆ, ತಾವು ಮಾಡಿದ್ದು ಶೌರ್ಯವಲ್ಲವೇನೋ ಎಂಬ ಅನುಮಾನ ಬಂತು. ಮಗಳ ವಯಸ್ಸಿನ ಹುಡುಗಿಯ ತಿಂಗಳುಗಟ್ಟಲೆಯ ಶ್ರಮ ಕೆಡಿಸಿದೆನೇ ಎಂದು ಬಾಲ್ಕನಿಯ ಬಾಗಿಲನ್ನೇ ನೋಡುತ್ತಾ ಕೂತರು.

ಮಹಿಮಾ ಒಳಗೆ ಬಂದಾಗ ಅವಳ ಮುಖದಲ್ಲಿ ಅಳುವಿನಷ್ಟೇ ನಗುವೂ ಇತ್ತು. "ಕೈಬಿಟ್ಟೋರ ಸಂಕೇತ ತೆಗೆದು ನೋಡಬಹುದಂತೆ. ನೋಡಿದ್ರು. ನಿಮ್ಮ ಮೂರೂ ಬಾಟ್ಲಿ ಒಂದೇ. ಮೂರೂ ಅಸಲಿ. ಅಸಲಿಗೆ ಅಸಲಿ ಬೆರೆಸಿದ್ದೀರಾ ಅಂಕಲ್, ಪ್ರತಿ ತಿಂಗಳೂ."

"ಮೂರೂ ಅಸಲಿ!" ಲಿಂಗರಾಜರು ಎದ್ದು ನಿಂತುಬಿಟ್ಟರು. "ನೋಡು ಮತ್ತ! ಯಾರಿಗೂ ಮೋಸ ಆಗಿಲ್ಲ! ಚನ್ನಬಸಪ್ಪನೂ ಹಿಟ್ಟ ತಿಂದಿಲ್ಲ!"

ಅವರ ಆನಂದ ಛಾವಣಿ ಮುಟ್ಟುತ್ತಿರುವಾಗ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಪದ್ಮಕ್ಕ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು.

"ಒಂದ್ ನಿಮಿಷ ತಡೀರಿ. ಎಲ್ಲಾ ಅಸಲಿ?"

"ಎಲ್ಲಾ!"

"ಡಮ್ಮಿ ಒಂದೂ ಇಲ್ಲ?"

"ಒಂದೂ..." ಎಂದ ಲಿಂಗರಾಜರು ಅಲ್ಲಿಗೇ ತಡೆದರು. ಯಾವುದೋ ಗಡಿಯನ್ನು ತಪ್ಪಿ ದಾಟಿದ ಅನುಭವವಾಯಿತು.

"ಹಂಗಾದ್ರ ಡಮ್ಮಿ ಡಮ್ಮಿ ಅಂತ ಹೊಚ್ಚಿಕೊಂಡು ಬಿದ್ಕೊಂಡಿದ್ರಲ್ಲಾ, ಆವಾಗೂ ಹೊಟ್ಟ್ಯಾಗ ಅಸಲೀನ ಇತ್ತು. ಉತ್ತರಾಯಣದ ಮುಂಜಾನೀನೂ ಅಸಲಿ, ಮಧ್ಯಾಹ್ನಾನೂ ಅಸಲಿ. ಸೊಂಟ ಹಿಡ್ಕೊಂಡು ಮೆಟ್ಲ ಹತ್ತಿ ಇಳದಾಕಿ ನಾನ!"

"ಡಮ್ಮಿ ಅಂತ ನಾ ಹಂಗ ಹೇಳಿದ್ದು... ನನಗೇನೂ ನೆನಪಿಲ್ಲಲ್ಲ ಪದ್ಮಾ."

"ನೆನಪಿಲ್ಲ? ಇಡೀ ಸೊಸೈಟಿ ಮುಂದ ಹೇಸರಗತ್ತಿ ಹೆಸರ ಸೈತ ಹೇಳಿ ಬಂದೀರಿ! ಅದರ ಹೆಸರ ನೆನಪೈತಿ, ಹೆಂಡ್ತಿಗೆ ಹೇಳಿದ್ದ ನೆನಪಿಲ್ಲ!"

ಸುಬೇದಾರರ ತಲೆ ಗಿರಗಿರನೆ ತಿರುಗುತ್ತಿತ್ತು. ಎಲ್ಲ ದಿನವೂ ಅಸಲಿಯಾಗಿದ್ದರೆ ಒಳ್ಳೆಯ ದಿನ ಒಳ್ಳೆಯದಾದದ್ದು ಗುಳಿಗೆಯಿಂದಲೋ? ಹಾಗಾದರೆ ಕೆಟ್ಟ ದಿನ ಯಾತರಿಂದ? 'ಥಮ್' ಬಂದದ್ದು ಗಿಡದಿಂದಲೋ, ತಮ್ಮಿಂದಲೋ? ನಾಳೆಯಿಂದ ಗುಳಿಗೆಯೂ ಇಲ್ಲ. ಈ ವಿಚಾರಗಳ ನಡುವೆಯೇ ಪದ್ಮಕ್ಕ ಕೈಗೊಂದು ಚೀಲ ತುರುಕಿ, ಹುಡುಗಿ ಊಟಕ್ಕೆ ಕೂರಬೇಕು, ಲಗೂನ ತಗೊಂಡು ಬರ್ರಿ ಎಂದು ಏನನ್ನೋ ಹೇಳಿ ಬಾಗಿಲ ಹೊರಗೆ ಬಿಟ್ಟರು. ಲಿಂಗರಾಜರು ಅದನ್ನು ಬಾಯಲ್ಲಿ ಒಂದು ಸಲ ಹೇಳಿಕೊಂಡೇ ಮೆಟ್ಟಿಲಿಳಿದರು. ಮೊದಲ ಮಹಡಿಯಲ್ಲಿ ಒಬ್ಬರು ಕೈಕುಲುಕಿ ಶಾಬಾಶ್ ಎಂದರು. ಕೆಳಗೆ ಹಸ್ಮುಖಭಾಯಿ ತಬ್ಬಿಕೊಂಡು, ಮುಂದಿನ ವರ್ಷವೂ ನೀವೇ ಎಂದರು.

ತರಕಾರಿ ಗಾಡಿಯ ಮುಂದೆ ನಿಂತಾಗ ಚೀಲ ಕೈಯಲ್ಲಿತ್ತು. ಶಬ್ದ ಇರಲಿಲ್ಲ.

ಅವರು ಕಣ್ಣು ಮುಚ್ಚಿದರು. ತೆರೆದರು. ಡಮ್ಮಿ ಎನ್ನಲು ಈಗ ಬಾಯಿಲ್ಲ. ಫೋನು ಮನೆಯಲ್ಲಿ ಚಾರ್ಜಿಗಿತ್ತು. ಮೇಲೆ ಹೋಗಿ ಕೇಳುವುದಕ್ಕಿಂತ ಶತ್ರುವಿನ ಗಡಿಯೊಳಗೆ ಬರಿಗೈಯಲ್ಲಿ ನುಗ್ಗುವುದು ವಾಸಿ. ಸಿಗ್ನಲ್ಸ್‌ನ ಬುದ್ಧಿ ಓಡಿತು: ಯಾವುದೆಂದು ಗೊತ್ತಿಲ್ಲದಿದ್ದರೆ ಎಲ್ಲವನ್ನೂ ಹಿಡಿ. ಬದನೆ, ಬೆಂಡೆ, ಹೀರೆ, ತೊಂಡೆ, ಸೋರೆ, ಮೆಂತ್ಯೆ, ಗುಜರಾತಿಗಳು ಉಂಧಿಯು ಎಂಬ ಪಲ್ಯಕ್ಕೆ ಹಾಕುವ ಕೆಂಪುಗೆಣಸು, ಕೊತ್ತಂಬರಿ, ಹಸಿಮೆಣಸು, ಲಿಂಬೆ. ಗಾಡಿಯವನು ತನ್ನ ಇನ್ನೊಂದು ಚೀಲವನ್ನೂ ಕೊಟ್ಟು, ಮನೆಯಲ್ಲಿ ಮದುವೆಯೇ ಎಂದು ಕೇಳಿದ.

ಎರಡು ಚೀಲ ಹೊತ್ತು, ಏದುಸಿರು ಬಿಡುತ್ತಾ ಲಿಂಗರಾಜರು ಮನೆ ಸೇರಿ, ಎಲ್ಲವನ್ನೂ ಮೇಜಿನ ಮೇಲೆ ಸುರಿದರು. ಮಹಿಮಾ ಕೈತೊಳೆದು ತಾಟಿನ ಮುಂದೆ ಕೂತಿದ್ದಳು. ರೊಟ್ಟಿ, ಎಣ್ಣೆಗಾಯಿ ಬಡಿಸಿಯಾಗಿತ್ತು. ಪದ್ಮಕ್ಕ ರಾಶಿಯನ್ನು ಆಚೀಚೆ ಸರಿಸಿ ನೋಡಿದರು.

"ಎಲ್ಲೈತ್ರಿ?"

"ಎಲ್ಲಾ ಐತಲ್ಲ. ಏನ್ ಬೇಕು ನೋಡ್ಕೋ."

"ಮೊಸರು."

ಲಿಂಗರಾಜರು ನೆಲ ನೋಡುತ್ತಾ ನಿಂತರು. ಮೀಸೆ ಇಳಿದಿತ್ತು. ಆ ಮುಖದಲ್ಲಿದ್ದ ಹೆದರಿಕೆಯನ್ನು ಪದ್ಮಕ್ಕ ಕಂಡರು. ಬಾಯಿಗೆ ಬಂದಿದ್ದ ಬೈಗುಳವನ್ನು ನುಂಗಿಕೊಂಡರು. ಕುರ್ಚಿ ಎಳೆದು "ಕೂಡ್ರಿ, ಉಸಿರ ಬಿಡ್ರಿ" ಎಂದು ಅವರ ಕೈಗೆ ನೀರಿನ ಲೋಟ ಕೊಟ್ಟರು. ಆಮೇಲೆ ತಾವೂ ಸೊಂಟ ಹಿಡಿದುಕೊಂಡು ಪಕ್ಕದಲ್ಲೇ ಕುಸಿದು ಕೂತು, ಒಲೆಯ ಮೇಲೆ ಕಾಯುತ್ತಿದ್ದ ಹಂಚನ್ನೂ ಮೇಜಿನ ಮೇಲಿನ ತರಕಾರಿ ಗುಡ್ಡವನ್ನೂ ಒಮ್ಮೆ ನೋಡಿದರು.

"ಮಹಿಮಾ, ಆ ಅಸಲಿದು ಇನ್ನೊಂದ್ ಬಾಟ್ಲಿ ಐತೇನವ್ವಾ?"

ಹುಡುಗಿ ಮುಜುಗರದಿಂದ ತುತ್ತು ಕೆಳಗಿಟ್ಟಳು. "ಇಲ್ಲ ಆಂಟಿ, ಅಂಕಲ್‌ನ ಕೈಬಿಟ್ಟಾಯ್ತಲ್ಲ. ಇನ್ನು ಅವರಿಗೆ ಕೊಡೋಕೆ ಬರಲ್ಲ."

"ಅವರಿಗಂತ ಯಾರ್ ಕೇಳಿದ್ರವ್ವಾ?" ಎಂದರು ಪದ್ಮಕ್ಕ. "ನನಗ."